ಮುಚ್ಚಿದ ಪೆಟ್ರೋಲ್ ಬಂಕಿನ ಅಡಿಯ ನೀರು



ಅಮೆರಿಕದ ಸಿಯೆರಾ ನೆವಾಡಾ ಪರ್ವತಶ್ರೇಣಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿ, ಟಾಹೋ ಎಂಬ ಸರೋವರವಿದೆ. ಅದರ ದಕ್ಷಿಣದ ದಡದಲ್ಲಿರುವ ಊರು ಸೌತ್ ಲೇಕ್ ಟಾಹೋ. ತಿಳಿನೀರಿಗೆ ಹೆಸರಾದ ಸರೋವರ ಬಾಗಿಲಲ್ಲೇ ಇದ್ದರೂ ಆ ಊರು ಕುಡಿಯುವುದು ಬಾವಿಗಳ ನೀರನ್ನು. 1990ರ ದಶಕದ ಕೊನೆಯ ವರ್ಷಗಳಲ್ಲಿ ಆ ಬಾವಿಗಳ ಪೈಕಿ ಸುಮಾರು ಮೂರರಲ್ಲೊಂದು ಪಾಲನ್ನು ನಿಲ್ಲಿಸಬೇಕಾಯಿತು. ಕಾರಣ ಕಾರ್ಖಾನೆಯಲ್ಲ, ಗಣಿಯಲ್ಲ. ಬಂಕುಗಳ ನೆಲದಡಿಯ ಟ್ಯಾಂಕು ಮತ್ತು ಕೊಳವೆಗಳಿಂದ ಸೋರಿದ ಪೆಟ್ರೋಲು.

ಆ ಪೆಟ್ರೋಲಿನಲ್ಲಿ ಎಂಟಿಬಿಇ ಎಂಬ ರಾಸಾಯನಿಕವಿತ್ತು. ಸೀಸದ ಬದಲಿಗೆ 1979ರಿಂದ ಅಮೆರಿಕದಲ್ಲಿ ಅದನ್ನು ಬೆರೆಸತೊಡಗಿದರು. ಹೊಗೆ ಕಡಿಮೆ ಮಾಡಲೆಂದು 1990ರಲ್ಲಿ ವಾಯುಶುದ್ಧಿ ಕಾನೂನನ್ನು ತಿದ್ದಿದ ಮೇಲೆ ಬಳಕೆ ಬಹಳವಾಗಿ ಏರಿತು. ಗಾಳಿಗೆ ಹುಡುಕಿದ ಮದ್ದು ನೀರಿಗೆ ವಿಷವಾಯಿತು. ಎಂಟಿಬಿಇ ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಮಣ್ಣಿಗೆ ಅಂಟದೆ ಅಂತರ್ಜಲದ ವೇಗದಲ್ಲೇ ಸಾಗುತ್ತದೆ. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ದರೂ ನೀರು ಟರ್ಪೆಂಟೈನಿನಂತೆ ನಾರುತ್ತದೆ.

ಬೆಂಜೀನಿನ ಸ್ವಭಾವ ಬೇರೆ. ಕ್ಯಾನ್ಸರಿಗೆ ಕಾರಣವೆಂದು ಸಿದ್ಧವಾಗಿರುವ ಅದು ಅಪಾಯದ ಮಟ್ಟವನ್ನು ಬಹುದೂರ ದಾಟಿದ ಮೇಲೂ ನೀರಿನಲ್ಲಿ ಮೂಗಿಗೆ ಸಿಗದು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ವಿಧಿಸಿದ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಭಾರತದಲ್ಲಿ ಈಗ ಮಾರುವ ಪೆಟ್ರೋಲಿನಲ್ಲಿ ಬೆಂಜೀನ್ ಗಾತ್ರದಲ್ಲಿ ಶೇಕಡಾ 1ನ್ನು ಮೀರುವಂತಿಲ್ಲ. ಅಷ್ಟೇ ಇದೆಯೆಂದರೂ ಒಂದು ಲೀಟರ್ ಪೆಟ್ರೋಲಿನ ಬೆಂಜೀನ್ ಪೂರ್ತಿ ಕರಗಿದರೆ ಎಂಟು ಲಕ್ಷಕ್ಕೂ ಹೆಚ್ಚು ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲದು. ವಿದ್ಯಾರ್ಥಿಗಳು ಕಾಗದದ ಮೇಲೆ ಈ ಲೆಕ್ಕ ಮಾಡಿ ನೋಡಬಹುದು.

ಬಂಕು ಮುಚ್ಚಿ, ಟ್ಯಾಂಕು ಕಿತ್ತು, ಮೇಲೆ ಹುಲ್ಲು ಬೆಳೆದ ಜಾಗದಲ್ಲಿ ತನಿಖೆ ಆರಂಭವಾಗುವುದು ಕಡತಗಳಿಂದ. ಟ್ಯಾಂಕುಗಳು ಎಲ್ಲಿದ್ದವು, ಯಾವಾಗ ಹೂತರು, ತುಂಬಿಸಿದ್ದಕ್ಕೂ ಮಾರಿದ್ದಕ್ಕೂ ಲೆಕ್ಕ ತಾಳೆಯಾಗುತ್ತಿತ್ತೇ? ಸೋರಿಕೆಯ ಮೊದಲ ಸಾಕ್ಷಿ ಎಷ್ಟೋ ಬಾರಿ ದಾಸ್ತಾನು ಪುಸ್ತಕದಲ್ಲೇ ಇರುತ್ತದೆ, ಓದುವವರಿರುವುದಿಲ್ಲ. ಬಳಿಕ ಟ್ಯಾಂಕಿದ್ದ ಗುಂಡಿಯ ಮಣ್ಣಿನ ಪರೀಕ್ಷೆ. ಆಮೇಲೆ ವೀಕ್ಷಣಾ ಬಾವಿಗಳು, ಕಡಿಮೆಯೆಂದರೆ ಮೂರು, ಒಂದೇ ಸಾಲಿನಲ್ಲಲ್ಲದೆ ತ್ರಿಕೋನವಾಗಿ. ಮೂರರ ನೀರಿನ ಮಟ್ಟವನ್ನೂ ಅಳೆದರೆ ಅಂತರ್ಜಲ ಯಾವ ದಿಕ್ಕಿಗೆ ಇಳಿಯುತ್ತಿದೆಯೆಂಬುದು ತಿಳಿಯುತ್ತದೆ. ನೆಲದ ಮೇಲಿನ ಇಳಿಜಾರನ್ನು ನೋಡಿ ಅದನ್ನು ಊಹಿಸುವುದು ತಪ್ಪು. ಹತ್ತಿರದಲ್ಲಿ ದೊಡ್ಡ ಪಂಪೊಂದು ನೀರೆತ್ತುತ್ತಿದ್ದರೆ ಮಲಿನ ನೀರು ಅತ್ತ ತಿರುಗುತ್ತದೆ. ಬಂಡೆಯ ಬಿರುಕುಗಳಲ್ಲಿ ನೀರು ಹರಿಯುವ ಕಡೆಯಂತೂ ಮೂರು ಬಾವಿಗಳ ಲೆಕ್ಕ ಕೈಕೊಡಬಹುದು. ಒಂದೇ ಗುಡ್ಡದಲ್ಲಿ ಒಂದು ಬಾವಿ ತುಂಬಿ ಇನ್ನೊಂದು ಬತ್ತಿದ್ದನ್ನು ಕಂಡ ಮಲೆನಾಡಿಗರಿಗೆ ಇದನ್ನು ವಿವರಿಸಬೇಕಿಲ್ಲ.

ನೀರಿನ ಮಾದರಿ ಹಿಡಿಯುವುದರಲ್ಲೂ ಶಿಸ್ತು ಬೇಕು. ಪುಟ್ಟ ಗಾಜಿನ ಶೀಸೆಯನ್ನು ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ಮುಚ್ಚಿ, ಮಂಜುಗಡ್ಡೆಯಲ್ಲಿಟ್ಟು ಕಳುಹಿಸಬೇಕು. ಗಾಳಿಗೆ ಎಡೆ ಸಿಕ್ಕರೆ ಬೆಂಜೀನ್ ಅದಕ್ಕೆ ಸೇರಿಹೋಗಿ, ವರದಿ ಸುಳ್ಳೇ ನೆಮ್ಮದಿ ಕೊಡುತ್ತದೆ. ಒಂದು ಬಾರಿಯ ಪರೀಕ್ಷೆಯೂ ಸಾಲದು. ಪೆಟ್ರೋಲು ನೀರಿಗಿಂತ ಹಗುರ, ಅಂತರ್ಜಲದ ಮೇಲೆ ತೇಲುತ್ತದೆ. ಮಳೆಗಾಲದಲ್ಲಿ ಮಟ್ಟ ಏರಿ ಬೇಸಗೆಯಲ್ಲಿ ಇಳಿಯುವಾಗ ನಡುವಿನ ಮಣ್ಣಿಗೆಲ್ಲ ಬಳಿದುಕೊಂಡು, ಮುಂದೆ ವರ್ಷಗಟ್ಟಲೆ ಬಿಡಿಬಿಡಿಯಾಗಿ ನೀರಿಗೆ ಇಳಿಯುತ್ತದೆ. ಆದ್ದರಿಂದ ಎಲ್ಲ ಋತುಗಳಲ್ಲೂ ನೋಡಬೇಕು.

ಯಾರ ಕಾಲದ ಸೋರಿಕೆಯೆಂದು ಕೇಳಿದರೆ ನೀರೇ ಸುಳಿವು ಕೊಡುವುದುಂಟು. ಅಮೆರಿಕದ ಬಂಕಿನಡಿ ಎಂಟಿಬಿಇ ಸಿಕ್ಕಿತೆಂದರೆ ಆ ಪೆಟ್ರೋಲು 1979ಕ್ಕಿಂತ ಹಿಂದಿನದಲ್ಲ.

ಟಾಹೋದ ನೀರು ಸರಬರಾಜು ಸಂಸ್ಥೆ 1998ರಲ್ಲಿ ತೈಲ ಕಂಪನಿಗಳ ಮೇಲೆ ದಾವೆ ಹೂಡಿತು. ಬಂಕಿನವನ ಅಜಾಗ್ರತೆಯೊಂದೇ ಪ್ರಶ್ನೆಯಾಗಿರಲಿಲ್ಲ. ಇಂಥ ಸರಕನ್ನು ಎಚ್ಚರಿಕೆ ನೀಡದೆ ಮಾರಿದ್ದು ಸರಿಯೇ ಎಂಬುದೂ ಪ್ರಶ್ನೆಯಾಗಿತ್ತು. 2002ರ ಏಪ್ರಿಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜ್ಯೂರಿ ಎಂಟಿಬಿಇ ಬೆರೆಸಿದ ಪೆಟ್ರೋಲು ದೋಷಯುಕ್ತ ಸರಕೆಂದು ತೀರ್ಮಾನಿಸಿತು. ಒಪ್ಪಂದಗಳ ಮೂಲಕ ಒಟ್ಟು 6.9 ಕೋಟಿ ಡಾಲರ್ ಸಂಸ್ಥೆಗೆ ಸಂದಾಯವಾಯಿತು. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಎಂಟಿಬಿಇ ಬಳಕೆ 2003ರ ಕೊನೆಗೆ ನಿಂತಿತು.

ಹಣದಿಂದ ಬಾವಿ ಕೂಡಲೇ ಮರಳುವುದಿಲ್ಲ. ಅದೇ ರಾಜ್ಯದ ಕಡಲತೀರದ ಸಾಂಟಾ ಮೋನಿಕಾ ನಗರ ಇದೇ ಕಾರಣಕ್ಕೆ 1996ರಲ್ಲಿ ಚಾರ್ನಾಕ್ ಎಂಬಲ್ಲಿನ ತನ್ನ ಬಾವಿಗಳನ್ನು ನಿಲ್ಲಿಸಿ ಹೊರಗಿನ ನೀರನ್ನು ಕೊಳ್ಳತೊಡಗಿತು. ಶುದ್ಧೀಕರಣ ಘಟಕ ಕಟ್ಟಿ ಆ ಬಾವಿಗಳ ನೀರನ್ನು ಮತ್ತೆ ಮನೆಗಳಿಗೆ ಹರಿಸುವಷ್ಟರಲ್ಲಿ ಸುಮಾರು 14 ವರ್ಷಗಳು ಕಳೆದಿದ್ದವು.