ರಾಷ್ಟ್ರೀಯ ವರಮಾನದ ಲೆಕ್ಕ

ಒಂದು ದೇಶದ ಜನತೆ ಒಂದು ವರ್ಷದಲ್ಲಿ ದುಡಿದು ಉತ್ಪಾದಿಸಿದ ಸರಕು ಮತ್ತು ಸೇವೆಗಳ ನಿವ್ವಳ ಮೌಲ್ಯಕ್ಕೆ ರಾಷ್ಟ್ರೀಯ ವರಮಾನವೆಂದು ಹೆಸರು. ಸರ್ಕಾರದ ಯೋಜನೆಗಳಿಗೂ ಆಯವ್ಯಯಕ್ಕೂ ಈ ಅಂಕಿ ಆಧಾರ. ಕೇಂದ್ರದ ತೆರಿಗೆಗಳಲ್ಲಿ ರಾಜ್ಯಗಳ ಪಾಲನ್ನು ಶಿಫಾರಸು ಮಾಡುವಾಗ ಹಣಕಾಸು ಆಯೋಗವು ಆಯಾ ರಾಜ್ಯದ ತಲಾ ವರಮಾನವನ್ನು ಗಮನಿಸುತ್ತದೆ. ಆದುದರಿಂದ ಈ ಲೆಕ್ಕದಲ್ಲಿ ಯಾರ ದುಡಿಮೆ ಸೇರುತ್ತದೆ, ಯಾರದು ಬಿಟ್ಟುಹೋಗುತ್ತದೆ ಎಂಬುದು ವಿದ್ವಾಂಸರಿಗಷ್ಟೇ ಸಂಬಂಧಿಸಿದ ಪ್ರಶ್ನೆಯಲ್ಲ.

ಲೆಕ್ಕದ ಬಗೆಯನ್ನು ತಿಳಿಯಲು ಕೋಲ್ಕತ್ತದ ಲೇಕ್ ಮಾರ್ಕೆಟ್ ಒಳ್ಳೆಯ ನಿದರ್ಶನ. ನಗರದ ದಕ್ಷಿಣ ಭಾಗದಲ್ಲಿ, ರಾಸ್‌ಬಿಹಾರಿ ಅವೆನ್ಯೂವಿನ ಬದಿಗಿರುವ ಈ ಮಾರುಕಟ್ಟೆಯ ಸುತ್ತಮುತ್ತ ದಕ್ಷಿಣ ಭಾರತದ ಕುಟುಂಬಗಳು ಹಲವು ದಶಕಗಳಿಂದ ನೆಲೆಸಿವೆ. ಬಾಳೆಎಲೆ, ಕರಿಬೇವು, ತೆಂಗಿನಕಾಯಿ, ಹೂವು, ಕಾಫಿಪುಡಿ ಇವೆಲ್ಲ ಅಲ್ಲಿ ದೊರೆಯುತ್ತವೆ. ಕರ್ನಾಟಕದ ಮಲೆನಾಡಿನಲ್ಲಿ ಬೆಳೆದ ಕಾಫಿಬೀಜ ಅಲ್ಲಿನ ಒಂದು ಹೋಟೆಲಿನಲ್ಲಿ ಲೋಟದ ಕಾಫಿಯಾಗುವವರೆಗಿನ ದಾರಿಯನ್ನು ಅನುಸರಿಸಿದರೆ ರಾಷ್ಟ್ರೀಯ ವರಮಾನದ ಮೂಲತತ್ತ್ವವೇ ಕಣ್ಣಿಗೆ ಬೀಳುತ್ತದೆ.

ಬೆಳೆಗಾರನು ಒಂದು ಲೋಟ ಕಾಫಿಗೆ ಬೇಕಾದಷ್ಟು ಬೀಜವನ್ನು 4 ರೂಪಾಯಿಗೆ ಮಾರಿದನೆಂದು ಭಾವಿಸಬಹುದು. ಹುರಿದು ಪುಡಿ ಮಾಡಿದವನು ಅದನ್ನು 7 ರೂಪಾಯಿಗೆ ಹೋಟೆಲಿಗೆ ಮಾರಿದನು. ಹೋಟೆಲಿನವನು 5 ರೂಪಾಯಿಯ ಹಾಲು, ಸಕ್ಕರೆಗಳನ್ನು ಕೊಂಡು, ಕಾಫಿಯನ್ನು 20 ರೂಪಾಯಿಗೆ ಮಾರಿದನು. ಈ ನಾಲ್ಕು ಮಾರಾಟಗಳನ್ನು ಕೂಡಿದರೆ 36 ರೂಪಾಯಿ. ಆದರೆ ದೇಶಕ್ಕೆ ದೊರೆತದ್ದು 20 ರೂಪಾಯಿಯ ಒಂದು ಲೋಟ ಕಾಫಿ ಮಾತ್ರ. ಬೀಜದ ಬೆಲೆ ಪುಡಿಯಲ್ಲಿಯೂ, ಪುಡಿಯ ಬೆಲೆ ಕಾಫಿಯಲ್ಲಿಯೂ ಅಡಗಿರುವುದರಿಂದ ಒಂದೇ ಮೌಲ್ಯ ಮತ್ತೆ ಮತ್ತೆ ಎಣಿಕೆಯಾಗಿದೆ.

ಈ ದೋಷವನ್ನು ತಪ್ಪಿಸಲು ಪ್ರತಿಯೊಂದು ಹಂತದಲ್ಲಿ ಹೊಸದಾಗಿ ಸೇರಿದ ಮೌಲ್ಯವನ್ನು ಮಾತ್ರ ಎಣಿಸುತ್ತಾರೆ. ಗೊಬ್ಬರ ಮುಂತಾದವುಗಳ ಖರ್ಚನ್ನು ಸರಳತೆಗಾಗಿ ಬದಿಗಿಟ್ಟರೆ, ಬೆಳೆಗಾರನು ಸೇರಿಸಿದ್ದು 4, ಪುಡಿ ಮಾಡಿದವನು 3, ಹಾಲು ಸಕ್ಕರೆಗಳನ್ನು ಒದಗಿಸಿದವರು 5, ಹೋಟೆಲಿನವನು 8. ಒಟ್ಟು 20 ರೂಪಾಯಿ. ಇದು ಉತ್ಪನ್ನ ವಿಧಾನ. ಹೋಟೆಲಿನ 8 ರೂಪಾಯಿ ಅಡುಗೆಯವನ ಸಂಬಳ, ಮಳಿಗೆಯ ಬಾಡಿಗೆ, ಸಾಲದ ಬಡ್ಡಿ, ಮಾಲೀಕನ ಲಾಭ ಎಂದು ಹಂಚಿಹೋಗುತ್ತದೆ. ಎಲ್ಲ ಹಂತಗಳಲ್ಲಿ ಹೀಗೆ ಹಂಚಿದ್ದನ್ನು ಕೂಡಿದರೂ 20 ರೂಪಾಯಿಯೇ. ಇದು ವರಮಾನ ವಿಧಾನ. ಗಿರಾಕಿ ಕೊಟ್ಟ 20 ರೂಪಾಯಿಯನ್ನೇ ಎಣಿಸುವುದು ವೆಚ್ಚ ವಿಧಾನ. ದಾರಿ ಮೂರಾದರೂ ತಲಪುವ ಊರು ಒಂದೇ.

ಅಡುಗೆಯವನು ತನ್ನ ಸಂಬಳದಲ್ಲಿ ಒಂದಿಷ್ಟನ್ನು ಉಡುಪಿಯಲ್ಲಿರುವ ತಾಯಿಗೆ ಕಳುಹಿಸಿದರೆ ಅದು ಮತ್ತೊಮ್ಮೆ ಲೆಕ್ಕಕ್ಕೆ ಬರುವುದಿಲ್ಲ. ಹಣ ಕೈ ಬದಲಾಯಿಸಿತೇ ಹೊರತು ಹೊಸ ಉತ್ಪಾದನೆ ಆಗಲಿಲ್ಲ. ರಾಜ್ಯಗಳ ಲೆಕ್ಕದಲ್ಲಿ ಬೀಜದ ಮೌಲ್ಯ ಕರ್ನಾಟಕಕ್ಕೂ, ಹೋಟೆಲು ಸೇರಿಸಿದ ಮೌಲ್ಯ ಪಶ್ಚಿಮ ಬಂಗಾಳಕ್ಕೂ ಸೇರುತ್ತದೆ. ದೇಶದ ಗಡಿಯೊಳಗಿನ ಇಂಥ ಎಲ್ಲ ಮೌಲ್ಯದ ಮೊತ್ತವು ಒಟ್ಟು ದೇಶೀಯ ಉತ್ಪನ್ನಕ್ಕೆ ಬುನಾದಿ. ಅದರಿಂದ ಯಂತ್ರ, ಕಟ್ಟಡಗಳ ಸವಕಳಿಯನ್ನು ಕಳೆದರೆ ದೊರೆಯುವುದು ನಿವ್ವಳ ಉತ್ಪನ್ನ. ವಿದೇಶಗಳೊಂದಿಗಿನ ಬಡ್ಡಿ, ಲಾಭಾಂಶ, ವೇತನಗಳ ವ್ಯವಹಾರವನ್ನೂ ಸರಿದೂಗಿಸಿದಾಗ ರಾಷ್ಟ್ರೀಯ ವರಮಾನ ಸಿದ್ಧವಾಗುತ್ತದೆ. ಬೆಲೆ ಏರಿದ ಮಾತ್ರಕ್ಕೆ ದೇಶ ಬೆಳೆದಂತೆ ತೋರಬಾರದೆಂದು, ಒಂದು ಆಧಾರ ವರ್ಷದ ಸ್ಥಿರ ಬೆಲೆಗಳಲ್ಲಿಯೂ ಲೆಕ್ಕ ಹಾಕುತ್ತಾರೆ.

ತತ್ತ್ವ ಸುಲಭ, ಕಷ್ಟವಿರುವುದು ಅಂಕಿ ಸಂಗ್ರಹದಲ್ಲಿ. ದೊಡ್ಡ ಕಂಪನಿಗಳಿಗೆ ಲೆಕ್ಕಪುಸ್ತಕಗಳಿವೆ. ಮಾರುಕಟ್ಟೆಯ ಬಾಗಿಲಲ್ಲಿ ಹೂವಿನ ಬುಟ್ಟಿಯೊಂದಿಗೆ ಕುಳಿತವಳಿಗೆ ಯಾವ ಪುಸ್ತಕವಿದೆ? ಅವಳ ಗಳಿಕೆಯಲ್ಲಿ ಕೂಲಿ ಎಷ್ಟು, ಲಾಭ ಎಷ್ಟು ಎಂದು ಬೇರ್ಪಡಿಸುವುದೂ ಸಾಧ್ಯವಿಲ್ಲ. ಇಂಥ ಗಳಿಕೆಗೆ ಅರ್ಥಶಾಸ್ತ್ರಜ್ಞರು ಮಿಶ್ರ ವರಮಾನವೆಂಬ ಹೆಸರಿಟ್ಟಿದ್ದಾರೆ.

ಈ ತೊಡಕು ಹಳೆಯದು. ದಾದಾಭಾಯಿ ನವರೋಜಿ ಅವರು 1867–68ಕ್ಕೆ ಭಾರತೀಯನ ತಲಾ ವರಮಾನ 20 ರೂಪಾಯಿ ಎಂದು ಅಂದಾಜು ಮಾಡಿ, ದೇಶದ ಬಡತನವನ್ನು ಅಂಕಿಯ ಮೂಲಕ ಜಗತ್ತಿನ ಮುಂದಿಟ್ಟರು. ಮುಂದೆ ಡಾ. ವಿ.ಕೆ.ಆರ್.ವಿ. ರಾವ್ ಅವರು 1931–32ನೆಯ ಸಾಲಿನ ಬ್ರಿಟಿಷ್ ಭಾರತದ ವರಮಾನವನ್ನು ಶಾಸ್ತ್ರೀಯವಾಗಿ ಅಳೆದರು. ವ್ಯವಸಾಯದಂಥ ಕ್ಷೇತ್ರಗಳಿಗೆ ಉತ್ಪನ್ನದ ಗಣನೆ, ವ್ಯಾಪಾರ ಮತ್ತು ಸೇವೆಗಳಿಗೆ ವರಮಾನದ ಗಣನೆ ಎಂದು ಎರಡನ್ನೂ ಹೊಂದಿಸಿದ್ದು ಅವರ ವಿಶೇಷ. ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾದ ಅವರೇ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದರು.

ಲೆಕ್ಕಪುಸ್ತಕವಿಲ್ಲದವರನ್ನು ಎಣಿಸುವ ಮಾರ್ಗವು ಲೇಕ್ ಮಾರ್ಕೆಟ್ ಇರುವ ಕೋಲ್ಕತ್ತದಲ್ಲಿಯೇ ರೂಪುಗೊಂಡಿತು. 1931ರಲ್ಲಿ ಅಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಸ್ಥಾಪಿಸಿದ ಪ್ರಶಾಂತಚಂದ್ರ ಮಹಾಲನೋಬಿಸ್ ಅವರು, 1937ರಿಂದ ಬಂಗಾಳದ ಸೆಣಬಿನ ಬೆಳೆಯನ್ನು ಮಾದರಿ ಸಮೀಕ್ಷೆಯಿಂದ ಅಳೆಯುವ ಪ್ರಯೋಗ ನಡೆಸಿದರು. ಎಲ್ಲ ಹೊಲಗಳನ್ನೂ ಅಳೆಯದೆ, ಶಾಸ್ತ್ರೀಯವಾಗಿ ಆಯ್ದ ಕೆಲವನ್ನು ಎಚ್ಚರದಿಂದ ಅಳೆದರೆ ಇಡೀ ಪ್ರಾಂತದ ಬೆಳೆಯನ್ನು ಅಂದಾಜು ಮಾಡಬಹುದೆಂದು ಅದು ತೋರಿಸಿತು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದೆರಡು ಅಗುಳು ಹಿಸುಕಿ ನೋಡಿದಂತೆ.

ಸ್ವಾತಂತ್ರ್ಯಾನಂತರ, 1949ರ ಆಗಸ್ಟ್‌ನಲ್ಲಿ ಸರ್ಕಾರವು ರಾಷ್ಟ್ರೀಯ ವರಮಾನ ಸಮಿತಿಯನ್ನು ನೇಮಿಸಿತು. ಮಹಾಲನೋಬಿಸ್ ಅಧ್ಯಕ್ಷರು; ಡಿ.ಆರ್. ಗಾಡ್ಗೀಳ್ ಮತ್ತು ವಿ.ಕೆ.ಆರ್.ವಿ. ರಾವ್ ಸದಸ್ಯರು. 1948–49ರಲ್ಲಿ ದೇಶದ ವರಮಾನ ಸುಮಾರು 8,650 ಕೋಟಿ ರೂಪಾಯಿ, ತಲಾ ವರಮಾನ ಸುಮಾರು 247 ರೂಪಾಯಿ ಎಂಬುದು 1954ರ ಅಂತಿಮ ವರದಿಯ ಅಂದಾಜು. ಅಂಕಿಗಳ ಕೊರತೆಯನ್ನು ತುಂಬಲು 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. ಇಂದಿಗೂ ಹೂವು ಮಾರುವವಳಂಥವರ ದುಡಿಮೆಯನ್ನು, ಸಮೀಕ್ಷೆಯಲ್ಲಿ ದೊರೆತ ತಲಾ ಮೌಲ್ಯವರ್ಧನೆಯನ್ನು ದುಡಿಯುವವರ ಸಂಖ್ಯೆಯೊಂದಿಗೆ ಹೊಂದಿಸಿ ಅಂದಾಜು ಮಾಡುವ ಪದ್ಧತಿ ಇದೆ.

ಇಷ್ಟಾದರೂ ಈ ಲೆಕ್ಕಕ್ಕೆ ಮಿತಿಗಳಿವೆ. ಹೋಟೆಲಿನಲ್ಲಿ ಕಾಸಿದ ಕಾಫಿ ವರಮಾನಕ್ಕೆ ಸೇರುತ್ತದೆ. ಎದುರು ಮನೆಯ ಗೃಹಿಣಿ ಕಾಸಿದ ಕಾಫಿಯಲ್ಲಿ ಪುಡಿ ಮತ್ತು ಹಾಲಿನ ಬೆಲೆ ಸೇರುತ್ತದೆ, ಅವಳ ದುಡಿಮೆ ಸೇರುವುದಿಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸಿದರೆ ಪುರುಷರು ವ್ಯಯಿಸಿದ್ದು 88 ನಿಮಿಷ. ಇಷ್ಟೊಂದು ದುಡಿಮೆ ರಾಷ್ಟ್ರೀಯ ವರಮಾನದ ಹೊರಗೇ ಉಳಿದಿದೆ. ತಲಾ ವರಮಾನವು ಸರಾಸರಿಯೇ ಹೊರತು ಹಂಚಿಕೆಯ ಚಿತ್ರವೂ ಅಲ್ಲ. ಇಂಥ ಒಂದು ಅಂಕಿಯಿಂದ ಜನರ ಕ್ಷೇಮವನ್ನು ನಿರ್ಣಯಿಸಲಾಗದೆಂದು, ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲೊಬ್ಬರಾದ ಸೈಮನ್ ಕುಜ್ನೆಟ್ಸ್ ಅವರೇ 1934ರಲ್ಲಿ ಎಚ್ಚರಿಸಿದ್ದರು.

ಆದರೆ ಅಳತೆಗೋಲಿಗೆ ಮಿತಿಯಿದೆಯೆಂದು ಅಳೆಯುವುದನ್ನೇ ಬಿಡುವಂತಿಲ್ಲ, ಅಳತೆಯನ್ನು ಉತ್ತಮಗೊಳಿಸಬೇಕು. ಅದರಲ್ಲಿ ಸಾಮಾನ್ಯ ಪ್ರಜೆಯ ಪಾತ್ರವೂ ಇದೆ. ಸಮೀಕ್ಷಕರು ಬಾಗಿಲಿಗೆ ಬಂದಾಗ ತೆರಿಗೆಯ ಅಂಜಿಕೆಯಿಂದ ಗಳಿಕೆಯನ್ನು ಮರೆಮಾಚುವವರುಂಟು. ಅಂಕಿಅಂಶ ಸಂಗ್ರಹಣೆಯ 2008ರ ಕಾಯ್ದೆಯಡಿ ಸಂಗ್ರಹಿಸಿದ ವೈಯಕ್ತಿಕ ಮಾಹಿತಿಯನ್ನು ಸಾಂಖ್ಯಿಕ ಉದ್ದೇಶಕ್ಕೆ ಮಾತ್ರ ಬಳಸಬೇಕೆಂಬ ನಿಯಮವಿದೆ. ಮಾದರಿಯಲ್ಲಿ ಆಯ್ಕೆಯಾದ ಒಂದು ಅಂಗಡಿ ತನ್ನಂಥ ಅನೇಕ ಅಂಗಡಿಗಳ ಪರವಾಗಿ ಉತ್ತರಿಸುತ್ತದೆ. ಆ ಒಂದು ಉತ್ತರ ತಪ್ಪಾದರೆ, ಅಷ್ಟೂ ಜನರ ದುಡಿಮೆ ದೇಶದ ಲೆಕ್ಕದಲ್ಲಿ ಕುಗ್ಗಿ ಕಾಣುತ್ತದೆ.