ಹೊಸ ಕೆಲಸವನ್ನು ಬಿಡುವ ದಿನದಿಂದ ಅಳೆಯೋಣ

ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಪ್ಲೇಸ್‌ಮೆಂಟ್ ಅಧಿಕಾರಿಗಳೇ, ಕೈಯಲ್ಲಿ ಒಂದು ಕೆಲಸವಿದ್ದೂ ಇನ್ನೊಂದರ ಆಫರ್ ಲೆಟರನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತಿರುವ ಯುವ ಎಂಜಿನಿಯರುಗಳೇ,

ಹೊಸ ಉದ್ಯೋಗಾವಕಾಶವನ್ನು ಅಳೆಯುವುದು ಹೇಗೆ ಎಂಬುದು ಈ ವಿಚಾರಸಂಕಿರಣದ ವಿಷಯ. ಅಳತೆಗೋಲೇನೋ ನಮ್ಮಲ್ಲಿ ಆಗಲೇ ಒಂದಿದೆ, ಪ್ಯಾಕೇಜ್. ಮದುವೆ ಮಾತುಕತೆಯಲ್ಲೂ ಅದೇ, ಕಾಲೇಜಿನ ಗೇಟಿಗೆ ಕಟ್ಟುವ ಫ್ಲೆಕ್ಸಿನಲ್ಲೂ ಅದೇ. ಅದನ್ನು ಹಳಿಯಲು ನಾನು ಬಂದಿಲ್ಲ. ಮನೆ ಬಾಡಿಗೆ, ತಂಗಿಯ ಫೀಸು, ಶಿಕ್ಷಣ ಸಾಲದ ಕಂತು ಹೊತ್ತವರ ಮುಂದೆ ನಿಂತು ದುಡ್ಡು ಮುಖ್ಯವಲ್ಲ ಎನ್ನುವುದು ಹೊಟ್ಟೆ ತುಂಬಿದವರ ಮಾತು. ನನ್ನ ಸಲಹೆ ಇಷ್ಟೇ: ಆಫರ್ ಲೆಟರನ್ನು ಆ ಕೆಲಸ ಬಿಡುವ ದಿನದಲ್ಲಿ ನಿಂತು ಹಿಂದಕ್ಕೆ ಓದಿ. ಆ ದಿನ ನಿಮ್ಮ ಹತ್ತಿರ ಹಣ ಎಷ್ಟು ಉಳಿದಿರುತ್ತದೆ? ಇನ್ನೊಬ್ಬ ಮಾಲೀಕನೂ ಬೆಲೆ ಕೊಡುವಂಥ ಕಸುಬು ಎಷ್ಟು ಉಳಿದಿರುತ್ತದೆ?

ತುಮಕೂರಿನವರಿಗೆ ಇದಕ್ಕೆ ದೂರದ ಉದಾಹರಣೆ ಬೇಡ. ಸರ್ಕಾರಿ ಕಂಪನಿ ಎಚ್‌ಎಂಟಿ ಹುಟ್ಟಿದ್ದು 1953ರಲ್ಲಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆ ಶುರುವಾಯಿತು, ಮುಂದೆ ನಮ್ಮೂರಿಗೂ ಒಂದು ಬಂತು. ಅಲ್ಲಿ ಕೆಲಸ ಸಿಕ್ಕಿತೆಂದರೆ ಆ ಕಾಲದ ಯಾವ ತಂದೆಯೂ ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ. ಆಮೇಲೆ ಬ್ಯಾಟರಿಯ ಕ್ವಾರ್ಟ್ಜ್ ಗಡಿಯಾರದ ಕಾಲ. 1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೊ ಸೇರಿ ಟೈಟಾನ್ ಕಟ್ಟಿದವು. ಕಾರ್ಖಾನೆ ಗಡಿಯಾಚೆಯ ಹೊಸೂರಿನಲ್ಲಿ. ಎಚ್‌ಎಂಟಿಯೂ ಕ್ವಾರ್ಟ್ಜ್ ಮಾಡಿತು, ಆದರೆ ಅದರ ಜೀವವೆಲ್ಲ ಕೀಲಿ ಕೊಡುವ ಗಡಿಯಾರದಲ್ಲೇ ಇತ್ತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು. ಇಲ್ಲಿನ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು.

ಈ ಕಥೆಯನ್ನು ಕಂಪನಿಯ ಕಥೆಯಾಗಿ ಹೇಳಿ ಮುಗಿಸುವುದು ರೂಢಿ. ಕೆಲಸಗಾರನ ಕಡೆಯಿಂದ ನೋಡಿ. ಒಂದೇ ಗೇಟು, ಒಂದೇ ಕ್ಯಾಂಟೀನು, ಆದರೆ ಒಳಗೆ ಎರಡು ಬಗೆಯ ಕೆಲಸ. ಟೂಲ್‌ರೂಮಿನಲ್ಲಿ ಡೈ, ಜಿಗ್, ಫಿಕ್ಸ್ಚರ್ ಮಾಡಿದವನ ಕಸುಬು ಪೀಣ್ಯದ ಸಣ್ಣ ಶೆಡ್ಡಿಗೂ ಬೇಕು, ವಿಮಾನದ ಬಿಡಿಭಾಗ ಮಾಡುವವರಿಗೂ ಬೇಕು. ಒಂದೇ ಮಾದರಿಯ ಗಡಿಯಾರದ ಒಂದೇ ಹಂತವನ್ನು ವರ್ಷಗಟ್ಟಲೆ ಜೋಡಿಸಿದವನ ನಿಷ್ಠೆಯಲ್ಲಿ ಕೊರತೆಯಿರಲಿಲ್ಲ. ಅವನ ಕೌಶಲಕ್ಕೆ ಎರಡನೇ ಗಿರಾಕಿ ಇರಲಿಲ್ಲ, ಅಷ್ಟೇ. ಸಂಬಳದ ಚೀಟಿಯಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ಇವತ್ತು ಯಾವುದೋ ಬ್ಯಾಂಕಿನ ಹಳೆಯ ತಂತ್ರಾಂಶವನ್ನು ಕಾಯುವ ಸಪೋರ್ಟ್ ಪ್ರಾಜೆಕ್ಟಿಗೆ ಹೋಗುವವರೂ, 2023ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯ ಸುತ್ತ ಕೆಲಸ ಹುಡುಕುವವರೂ ತಮ್ಮ ಕೌಶಲಕ್ಕೆ ಎರಡನೇ ಗಿರಾಕಿ ಇದ್ದಾನೆಯೇ ಎಂದು ಕೇಳಿಕೊಳ್ಳಬೇಕು. ಹೊಸ ಕಾರ್ಖಾನೆ ಎಂದ ಮಾತ್ರಕ್ಕೆ ಅದರೊಳಗಿನ ಎಲ್ಲ ಕೆಲಸವೂ ಹೊಸದಲ್ಲ.

ಸಂದರ್ಶನದ ಕೊನೆಯಲ್ಲಿ "ಏನಾದರೂ ಕೇಳುವುದಿದೆಯೇ" ಎಂದಾಗ ನಮ್ಮ ಹುಡುಗರು ಸಂಕೋಚದಿಂದ ಇಲ್ಲ ಸಾರ್ ಎಂದು ಎದ್ದು ಬರುತ್ತಾರೆ. ಎರಡು ಮಾತು ಕೇಳಲಿ. ಈ ಜಾಗದಲ್ಲಿ ನನಗಿಂತ ಮೊದಲು ಇದ್ದವರು ಈಗ ಎಲ್ಲಿದ್ದಾರೆ? ನನ್ನ ಕೆಲಸವನ್ನು ನೋಡಿ ತಿದ್ದುವವರು ಯಾರು? ಮೊದಲನೆಯದಕ್ಕೆ ಉತ್ತರ ತಡವರಿಸಿದರೆ ಎಚ್ಚರ. ಎರಡನೆಯದಕ್ಕೆ "ಇಲ್ಲಿ ಎಲ್ಲ ನೀವೇ" ಎಂಬ ಉತ್ತರ ಬಂದರೆ, ಹತ್ತು ವರ್ಷದ ಅನುಭವಿಗೆ ಅದು ಸ್ವಾತಂತ್ರ್ಯ, ಎರಡು ವರ್ಷದವರಿಗೆ ಅನಾಥಸ್ಥಿತಿ.

ಇನ್ನು ಹಣ. ಸಿಟಿಸಿ, ಅಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ, ಎಂಬ ದೊಡ್ಡ ಅಂಕಿಯೊಳಗೆ ಸಾಮಾನ್ಯವಾಗಿ ಮಾಲೀಕರ ಪಾಲಿನ 12% ಪಿ.ಎಫ್., ಮೂಲ ವೇತನದ 4.81% ಗ್ರಾಚ್ಯುಟಿ, ಬಂದರೆ ಬಂತು ಎನ್ನುವ ವೇರಿಯಬಲ್ ಪೇ ಎಲ್ಲವೂ ಕೂತಿರುತ್ತವೆ. ಕಾಯಂ ನೌಕರರಿಗೆ ಗ್ರಾಚ್ಯುಟಿ ಐದು ವರ್ಷದ ಸೇವೆಯ ಮೇಲೆ. ತಿಂಗಳಿಗೆ 30,000 ರೂಪಾಯಿ ಮೂಲ ವೇತನವಿದ್ದವರಿಗೆ ಐದು ವರ್ಷಕ್ಕೆ ಸಿಗುವುದು ಸುಮಾರು 86,500 ರೂಪಾಯಿ. ನಾಲ್ಕು ವರ್ಷ ಎರಡು ತಿಂಗಳಿಗೆ ಕೆಲಸ ಬಿಟ್ಟರೆ ಅದು ಕೈತಪ್ಪುತ್ತದೆ. ಇಷ್ಟಕ್ಕಾಗಿ ಕಲಿಕೆ ನಿಂತುಹೋದ ಕುರ್ಚಿಯಲ್ಲಿ ಕೂತಿರಿ ಎಂದು ನಾನು ಹೇಳುವುದಿಲ್ಲ. ಹೊಸ ಕಂಪನಿಯ ಮುಂದೆ ಈ ಲೆಕ್ಕವಿಟ್ಟು ಜಾಯಿನಿಂಗ್ ಬೋನಸ್ ಕೇಳಿ. ಒಂದು ವರ್ಷದೊಳಗೆ ಬಿಟ್ಟರೆ ಅದನ್ನು ವಾಪಸು ಕಟ್ಟಬೇಕೆಂಬ ಷರತ್ತು ಇದೆಯೇ ಎಂದೂ ನೋಡಿ. ಪಿ.ಎಫ್. ಹಣವನ್ನು ಮಾತ್ರ ದಯವಿಟ್ಟು ಮಧ್ಯದಲ್ಲಿ ತೆಗೆಯಬೇಡಿ, ಹೊಸ ಖಾತೆಗೆ ವರ್ಗಾಯಿಸಿ; ಪಿಂಚಣಿಗೆ ಹತ್ತು ವರ್ಷದ ಸೇವೆ ಕೂಡಬೇಕು.

ಸ್ಟಾರ್ಟಪ್‌ಗಳ ಷೇರಿನ ಆಸೆಯ ಬಗ್ಗೆ ಒಂದೇ ಮಾತು. ಸಾಮಾನ್ಯವಾಗಿ ನಾಲ್ಕು ವರ್ಷದಲ್ಲಿ ಹಂತಹಂತವಾಗಿ ನಿಮ್ಮದಾಗುವ ಆ ಷೇರನ್ನು ಮಾರುವ ಮೊದಲೇ, ಪಡೆಯುವಾಗಲೇ, ಅದರ ಮಾರುಕಟ್ಟೆ ಬೆಲೆಗೂ ನೀವು ಕೊಟ್ಟ ಬೆಲೆಗೂ ಇರುವ ವ್ಯತ್ಯಾಸ ಸಂಬಳವೆಂದು ತೆರಿಗೆಗೆ ಬೀಳುತ್ತದೆ. ಕೆಲವೇ ಅರ್ಹ ಸ್ಟಾರ್ಟಪ್‌ಗಳಲ್ಲಿ ತೆರಿಗೆ ಮುಂದೂಡಲು ಅವಕಾಶವಿದೆ.

ಕೆಲಸಕ್ಕೆ ಸೇರುವಾಗ ಬರೆಸಿಕೊಳ್ಳುವ ಬಾಂಡ್ ವಿಷಯದಲ್ಲಿ "ಕೋರ್ಟಿನಲ್ಲಿ ನಿಲ್ಲಲ್ಲ ಬಿಡೋ" ಎಂದು ಸೀನಿಯರುಗಳು ಧೈರ್ಯ ಹೇಳುತ್ತಾರೆ. ಕೆಲಸ ಬಿಟ್ಟ ಮೇಲೆ ಇಂಥಲ್ಲಿ ದುಡಿಯಬಾರದೆಂಬ ಷರತ್ತಿಗೆ 1872ರ ಒಪ್ಪಂದ ಕಾಯ್ದೆಯ 27ನೇ ಸೆಕ್ಷನ್ ಅಡ್ಡ ಬರುತ್ತದೆ, ನಿಜ. ಆದರೆ ಮೂರು ವರ್ಷಕ್ಕೆ ಮೊದಲೇ ಬಿಟ್ಟರೆ ಎರಡು ಲಕ್ಷ ಕಟ್ಟಬೇಕೆಂಬ ಸಾರ್ವಜನಿಕ ವಲಯದ ಬ್ಯಾಂಕೊಂದರ ಷರತ್ತನ್ನು 2025ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಸಹಿಗೆ ಮುಂಚೆ ಓದಿ. ಮೂರು ತಿಂಗಳ ನೋಟಿಸ್ ಪೀರಿಯಡ್ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮುಂದಿನ ಅವಕಾಶ ಅಷ್ಟು ದಿನ ಕಾಯದೆ ಹೋಗಬಹುದು.

ಪ್ಲೇಸ್‌ಮೆಂಟ್ ಅಧಿಕಾರಿಗಳಿಗೆ ಒಂದು ಬೇಡಿಕೆ. ಇಂದಿನ ಗೋಷ್ಠಿಗಳಲ್ಲಿ ಇದನ್ನು ಚರ್ಚಿಸಿ, ಒಪ್ಪದಿದ್ದರೆ ಜಗಳವಾಡಿ. ಮುಂದಿನ ಫ್ಲೆಕ್ಸಿನಲ್ಲಿ ಅತಿ ದೊಡ್ಡ ಪ್ಯಾಕೇಜಿನ ಒಬ್ಬ ವಿದ್ಯಾರ್ಥಿಯ ಫೋಟೊ ಪಕ್ಕದಲ್ಲಿ, ಹಿಂದಿನ ಬ್ಯಾಚಿನ ಎಷ್ಟು ಜನ ಎರಡು ವರ್ಷದ ನಂತರ ಯಾವ ಕೆಲಸದಲ್ಲಿದ್ದಾರೆ ಎಂಬುದನ್ನೂ ಅಚ್ಚು ಮಾಡಿಸಿ. ಆ ಪಟ್ಟಿ ತಯಾರಿಸಲು ಬೇಕಾದ ಫೋನ್ ನಂಬರುಗಳೆಲ್ಲ ನಿಮ್ಮ ಕಚೇರಿಯಲ್ಲೇ ಇವೆ.