ಬರ್ಗರಿನ ಬಟ್ಟಲು

ತುಂಗಭದ್ರೆಯ ದಂಡೆಯ ಮೇಲಿನ ಕೆಂಚನಗುಡ್ಡದವಳೊಬ್ಬಳು ಬರ್ಗರಿನ ಮಾತನ್ನೆತ್ತಿದರೆ ಕೇಳುವವರಿಗೆ ಸ್ವಲ್ಪ ವಿಚಿತ್ರವೆನ್ನಿಸೀತು. ಸಿರುಗುಪ್ಪ ತಾಲ್ಲೂಕಿನ ಈ ಊರನ್ನು ಬಲ್ಲವರು ವಿಜಯನಗರದ ಕಾಲದ ಕಾಲುವೆಗಾಗಿ ಬಲ್ಲರು, ವಸುಧೇಂದ್ರತೀರ್ಥರ ಬೃಂದಾವನಕ್ಕಾಗಿ ಬಲ್ಲರು, ಸುತ್ತಲೂ ಹಬ್ಬಿರುವ ಬತ್ತದ ಗದ್ದೆಗಳಿಗಾಗಿ ಬಲ್ಲರು. ಇಂಥ ಊರಿಗೂ ಬರ್ಗರಿಗೂ ಎಲ್ಲಿಯ ನಂಟು? ನಂಟು ಮಕ್ಕಳ ಮೂಲಕ ಬಂದಿದೆ. ಬಳ್ಳಾರಿಗೆ ಓದಲು ಹೋದ ಮಕ್ಕಳು ರಜೆಗೆ ಮರಳುವಾಗ ಪುಸ್ತಕದ ಚೀಲದ ಜೊತೆಗೆ ಒಂದು ಹೊಸ ರುಚಿಯನ್ನೂ ಹೊತ್ತು ತರುತ್ತಾರೆ. ರಾತ್ರಿ ತಾಟಿನ ಮುಂದೆ ಕುಳಿತು, ರೊಟ್ಟಿಯನ್ನು ನೋಡಿ, ಮುಖ ಸಣ್ಣದು ಮಾಡುತ್ತಾರೆ. ಆ ಮುಖವನ್ನು ಗದರಿಸಿ ಸರಿಪಡಿಸುವುದು ಒಂದು ದಾರಿ. ಹಣ ಕೊಟ್ಟು ಪೇಟೆಗೆ ಕಳುಹಿಸುವುದು ಇನ್ನೊಂದು. ಇವೆರಡರ ನಡುವೆ ಹೆಣ್ಣುಮಕ್ಕಳ ಅಡುಗೆಮನೆಯೊಳಗಿಂದ ಹಾಯ್ದು ಹೋಗುವ ಮೂರನೆಯ ದಾರಿಯೊಂದುಂಟು. ಅದನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದು ನನ್ನ ಆಸೆ.

ಮೊದಲು ಈ ಬರ್ಗರೆಂಬ ಅತಿಥಿಯ ಕುಲಗೋತ್ರವನ್ನು ವಿಚಾರಿಸೋಣ. ಹ್ಯಾಂಬರ್ಗ್ ಎಂಬುದು ಜರ್ಮನಿಯ ಬಂದರು ಪಟ್ಟಣ. 19ನೆಯ ಶತಮಾನದ ಅಮೆರಿಕೆಯಲ್ಲಿ ಕೊಚ್ಚಿದ ಮಾಂಸದ ಒಂದು ತಿನಿಸಿಗೆ ಆ ಊರಿನ ಹೆಸರು ಅಂಟಿಕೊಂಡಿತು. ಅದನ್ನು ಎರಡು ತುಂಡು ರೊಟ್ಟಿಯ ನಡುವೆ ಮೊದಲು ಇಟ್ಟವರು ತಾವೇ ಎಂದು ಅಲ್ಲಿಯ ಮೂರು ನಾಲ್ಕು ಊರುಗಳು ಇಂದಿಗೂ ಜಗಳವಾಡುತ್ತವೆ. 1921ರಲ್ಲಿ ಕಾನ್ಸಾಸ್ ರಾಜ್ಯದ ವಿಚಿಟಾದಲ್ಲಿ ವೈಟ್ ಕ್ಯಾಸಲ್ ಎಂಬ ಅಂಗಡಿ ಅದನ್ನು ಅಗ್ಗದ ಊಟವನ್ನಾಗಿಸಿತು. 1948ರಲ್ಲಿ ಕ್ಯಾಲಿಫೋರ್ನಿಯದ ಮ್ಯಾಕ್‌ಡೊನಾಲ್ಡ್ ಸಹೋದರರು ಕಾರ್ಖಾನೆಯ ಕ್ರಮದಲ್ಲಿ ಕ್ಷಣಮಾತ್ರದಲ್ಲಿ ಕಟ್ಟಿಕೊಡುವ ಏರ್ಪಾಡು ಮಾಡಿದರು. ಅವರ ಹೆಸರಿನ ಅಂಗಡಿ 1996ರಲ್ಲಿ ದೆಹಲಿಗೆ ಬಂದಾಗ ಗೋಮಾಂಸವನ್ನು ಹೊರಗೇ ಬಿಟ್ಟು ಬಂದಿತು. ಸ್ವಲ್ಪ ಕಾಲದಲ್ಲಿಯೇ ನಮ್ಮ ಆಲೂಗಡ್ಡೆಯ ಟಿಕ್ಕಿ ಬನ್ನಿನ ನಡುವೆ ಹೋಗಿ ಕುಳಿತಿತು. ಲಾಭಕ್ಕಾಗಿ ಬಂದ ಅಂಗಡಿಯೇ ಊರಿಗೆ ತಕ್ಕಂತೆ ವೇಷ ಬದಲಿಸಿತೆಂದ ಮೇಲೆ, ಮನೆಯ ಹಿತಕ್ಕಾಗಿ ನಾವು ಅದರ ವೇಷವನ್ನು ಇನ್ನಷ್ಟು ಬದಲಿಸಿದರೆ ತಪ್ಪೇನೂ ಇಲ್ಲ. ಅಮೆರಿಕೆಯ ಎಷ್ಟೋ ಮನೆಗಳಲ್ಲಿ ಈಗ ಬನ್ನನ್ನೇ ಕೈಬಿಟ್ಟು, ಒಳಗಿನ ಪದಾರ್ಥಗಳನ್ನೆಲ್ಲ ಅಗಲ ಬಟ್ಟಲಿಗೆ ಹಾಕಿ ರಾತ್ರಿಯೂಟ ಮುಗಿಸುವ ರೂಢಿಯುಂಟು. ನನ್ನ ಕುತೂಹಲವನ್ನು ಕೆರಳಿಸಿದ್ದು ಆ ಬಟ್ಟಲು.

ಪರದೇಶದ ತಿನಿಸು ನಮಗೇಕೆ ಎನ್ನುವವರಿಗೆ ಒಂದು ಮಾತು. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ ಈ ಮೂರೂ ಅಮೆರಿಕಾ ಖಂಡದಿಂದ ಹಡಗೇರಿ ಬಂದವು. ಕೃಷ್ಣದೇವರಾಯನು 1509ರಲ್ಲಿ ಪಟ್ಟವೇರಿದ ದಿನ ಹಂಪಿಯ ಅಡುಗೆಮನೆಯಲ್ಲಿ ಒಣಮೆಣಸಿನಕಾಯಿಯ ಘಾಟು ಎದ್ದಿರಲಾರದು. ಇಂದು ಮೆಣಸಿನಕಾಯಿಯಿಲ್ಲದ ಬಳ್ಳಾರಿ ಸೀಮೆಯ ಊಟವನ್ನು ನೆನೆಯುವುದಾದರೂ ಸಾಧ್ಯವೆ? ಇನ್ನು ಬರ್ಗರಿನೊಳಗೆ ಹುಳಿಯಾಗಿ ಹಲ್ಲಿಗೆ ಸಿಕ್ಕುವ ಮಿಡಿಸೌತೆಯ ಕತೆ ಕೇಳಿ. 1990ರ ದಶಕದಿಂದ ಈಚೆಗೆ ಕರ್ನಾಟಕದ ರೈತರು ಆ ಮಿಡಿಯನ್ನು ಬೆಳೆದು ಯುರೋಪಿಗೂ ಅಮೆರಿಕೆಗೂ ಕಳುಹಿಸುತ್ತಿದ್ದಾರೆ. ನಮ್ಮ ಹೊಲದ ಕಾಯಿ ಅವರ ಬನ್ನಿನೊಳಗೆ ಹೋಗಿ ಆಗಿದೆ. ಅವರ ಬಟ್ಟಲು ನಮ್ಮ ಮನೆಗೆ ಬಂದರೆ ಲೆಕ್ಕ ಸರಿಹೋಯಿತು.

ಬಟ್ಟಲೂಟದ ಬುದ್ಧಿ ನಮ್ಮವರಿಗೆ ಹೊಸದಲ್ಲ. ಬಳ್ಳಾರಿಯ ಒಗ್ಗರಣೆ-ಮಿರ್ಚಿಯನ್ನು ತೆಗೆದುಕೊಳ್ಳಿ. ಮಂಡಾಳನ್ನು ನೀರಿಗೆ ಹಾಕಿ, ಹಿಂಡಿ, ಒಗ್ಗರಣೆ ಕೊಟ್ಟು, ಪುಟಾಣಿ ಹಿಟ್ಟು ಉದುರಿಸಿ, ಹಸಿ ಈರುಳ್ಳಿ ಚೆಲ್ಲಿ, ನಿಂಬೆಹುಳಿ ಹಿಂಡಿ, ಪಕ್ಕದಲ್ಲೊಂದು ಬಿಸಿ ಮಿರ್ಚಿ ಇಟ್ಟರೆ ಮೆತ್ತನೆಯದು, ಗರಿಯಾದದ್ದು, ಹುಳಿ, ಖಾರ ಎಲ್ಲವೂ ಒಂದೆಡೆ ಕೂಡಿದವು. ಗಡಿಯಾಚೆ ಆದೋನಿ, ಕರ್ನೂಲಿನ ಕಡೆ ಇದನ್ನೇ ಉಗ್ಗಾಣಿ-ಬಜ್ಜಿ ಎನ್ನುತ್ತಾರೆ. ಇನ್ನು ಮುಟಗಿ. ಹೆಂಚಿನಿಂದಿಳಿದ ಬಿಸಿ ರೊಟ್ಟಿಯನ್ನು ಮುರಿದು, ಬೆಳ್ಳುಳ್ಳಿ, ಉಪ್ಪು, ಖಾರ, ಎಣ್ಣೆಯೊಡನೆ ಕುಟ್ಟಿ ಮುದ್ದೆ ಮಾಡಿಕೊಟ್ಟರೆ ಹಲ್ಲಿಲ್ಲದ ಮುದುಕರೂ ಹಲ್ಲು ಬರುತ್ತಿರುವ ಮಕ್ಕಳೂ ಒಂದೇ ಸಂತೋಷದಿಂದ ಉಣ್ಣುತ್ತಾರೆ. ಅಂಗಡಿಯ ರುಚಿಯನ್ನು ಮನೆಯ ಬಟ್ಟಲಿಗೆ ಇಳಿಸುವುದಕ್ಕೆ ಬೇಕಾದ ಜಾಣತನ ಈ ಎರಡರಲ್ಲಿಯೇ ಅಡಗಿದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಜೋಳದ ಹಿಟ್ಟಿಗೆ ಗೋದಿಹಿಟ್ಟಿನ ಜಿಗುಟು ಇಲ್ಲ. ಆದುದರಿಂದಲೇ ಅದನ್ನು ಬಿಸಿನೀರಿನಲ್ಲಿ ನಾದಬೇಕು, ಅಂಗೈಯಿಂದ ತಟ್ಟಿ ತಟ್ಟಿ ಹಿಗ್ಗಿಸಬೇಕು, ಒಂದೊಂದನ್ನೇ ಬೇಯಿಸಬೇಕು. ಆರು ಜನರ ಮನೆಗೆ ತಲಾ ಎರಡರಂತೆ 12 ರೊಟ್ಟಿ. ಒಂದಕ್ಕೆ 3 ನಿಮಿಷವೆಂದರೂ 36 ನಿಮಿಷ. ಬಿಸಿ ರೊಟ್ಟಿಗೇ ರುಚಿ. ಆದುದರಿಂದ ಉಣ್ಣುವವರು ಉಣ್ಣುತ್ತಿರುವಾಗಲೇ ತಟ್ಟುವವಳು ತಟ್ಟುತ್ತಿರಬೇಕು. ಎಲ್ಲರೂ ಕೈತೊಳೆದು ಎದ್ದ ಮೇಲೆ, ಒಲೆಯ ಕಾವಿಗೆ ಕೆಂಪಾದ ಮುಖವನ್ನು ಸೆರಗಿನಿಂದ ಒರೆಸಿಕೊಂಡು, ಆಕೆ ಒಬ್ಬಳೇ ಕುಳಿತು ಆರಿದ ರೊಟ್ಟಿಯನ್ನು ಮುರಿಯುತ್ತಾಳೆ. ನಮ್ಮ ಅವ್ವ ಹಾಗೆಯೇ ಉಂಡಳು, ಅತ್ತೆಯವರು ಹಾಗೆಯೇ ಉಂಡರು, ನಾನೂ ಬಹುಕಾಲ ಹಾಗೆಯೇ ಉಂಡೆ. ರೊಟ್ಟಿಯನ್ನು ಹೊಗಳುವ ಮಾತುಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ, ಒಪ್ಪಿಯೂ ಇದ್ದೇನೆ. ಹೊಗಳಿದವರಲ್ಲಿ ಎಷ್ಟು ಜನ ತಟ್ಟಿದವಳ ಜೊತೆಗೆ ಕುಳಿತು ಉಂಡಿದ್ದಾರೆ ಎಂಬ ಪ್ರಶ್ನೆ ಮಾತ್ರ ನನ್ನ ಮನಸ್ಸಿನಿಂದ ಹೋಗಿಲ್ಲ. ವಾರದಲ್ಲಿ ಒಂದೆರಡು ರಾತ್ರಿಯಾದರೂ ಅಡುಗೆ ಮಾಡಿದವಳು ಪಂಕ್ತಿಯಲ್ಲಿ ಕೂಡುವಂತಾಗಬೇಕಾದರೆ, ಉಣ್ಣುವ ಹೊತ್ತಿಗೆ ಒಲೆ ಆರಿರಬೇಕು. ಬಟ್ಟಲಿನ ಊಟದಿಂದ ಆಗುವ ಉಪಕಾರ ಇದು.

ಬರ್ಗರಿನ ರುಚಿಯನ್ನು ಬಿಡಿಸಿ ನೋಡಿದರೆ ಅದರಲ್ಲಿ ಐದು ಅಂಶಗಳಿವೆ: ಮೆತ್ತನೆಯ ಆಧಾರ, ಕೆಂಪಗೆ ಹುರಿದ ತಿರುಳು, ಹಸಿ ತರಕಾರಿಯ ತಂಪು, ಉಪ್ಪಿನಕಾಯಿಯ ಹುಳಿ, ಎಲ್ಲವನ್ನೂ ಕೂಡಿಸುವ ನುಣುಪಾದ ಗೊಜ್ಜು. ಈ ಐದನ್ನೂ ನಮ್ಮ ಮನೆಯ ಪದಾರ್ಥಗಳಿಂದ ಒದಗಿಸಿದರೆ ಬನ್ನಿನ ಹಂಗಿಲ್ಲ. ಆರು ಜನರಿಗೆ ನಾನು ಮಾಡುವ ಕ್ರಮವನ್ನು ಹೇಳುತ್ತೇನೆ.

ಆಧಾರಕ್ಕೆ ಜೋಳದ ನುಚ್ಚು. 2 ಲೋಟ ನುಚ್ಚನ್ನು ಒಂದು ಗಂಟೆ ನೆನೆಸಿ, 6 ಲೋಟ ಕುದಿಯುವ ನೀರಿಗೆ ಉಪ್ಪಿನೊಡನೆ ಹಾಕಿ, ಸಣ್ಣ ಉರಿಯಲ್ಲಿ ಸುಮಾರು 25 ನಿಮಿಷ, ಆಗಾಗ ತಿರುವುತ್ತ ಬೇಯಿಸಬೇಕು. ಅವಸರವಿದ್ದ ದಿನ ನಮ್ಮ ಗದ್ದೆಯ ಸೋನಾ ಮಸೂರಿ ಅನ್ನವೂ ಆದೀತು. ಆದರೆ ನುಚ್ಚಿನ ಪರವಾಗಿ ಎರಡು ಮಾತು ಹೇಳಲೇಬೇಕು. 1953ರಲ್ಲಿ ತುಂಗಭದ್ರೆಯ ಆಣೆಕಟ್ಟು ಮುಗಿದು, ಹಳೆಯ ಕಾಲುವೆಗಳ ಜೊತೆಗೆ ಹೊಸ ಕಾಲುವೆಗಳೂ ಹರಿದ ಮೇಲೆ, ನಮ್ಮ ಸೀಮೆಯ ಎರೆಹೊಲಗಳಿಗೆ ಬತ್ತ ಬಂದಿತು, ಬತ್ತದ ಹಿಂದೆಯೇ ಅನ್ನ ತಾಟಿಗೆ ಬಂದಿತು. ಅದು ಸಂಪತ್ತು, ನಿಜ. ಆದರೂ ಬಿಳಿಯ ಅಕ್ಕಿಗಿಂತ ಜೋಳದಲ್ಲಿ ನಾರಿನ ಅಂಶ ಹೆಚ್ಚು. ಭಾರತದ ಸಲಹೆಯಂತೆ ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಆ ಧಾನ್ಯಗಳ ಸಾಲಿನಲ್ಲಿ ನಮ್ಮ ಜೋಳವೂ ಇದ್ದಿತು. ವರ್ಷ ಕಳೆದುಹೋಯಿತು, ಫಲಕಗಳು ಇಳಿದವು. ಧಾನ್ಯ ಉಳಿಯುವುದು ಉಂಡರೆ ಮಾತ್ರ.

ತಿರುಳಿಗೆ ಒಂದೂವರೆ ಲೋಟ ಅಲಸಂದಿ. ಹಿಂದಿನ ರಾತ್ರಿಯೇ ನೆನೆಹಾಕಿ, ಬೆರಳಿನಿಂದ ಒತ್ತಿದರೆ ಒಡೆಯುವಷ್ಟು ಬೇಯಿಸಿ, ನೀರನ್ನು ಸಂಪೂರ್ಣ ಬಸಿಯಬೇಕು. ಆ ಕಟ್ಟು ಮರುದಿನದ ಸಾರಿಗಾಯಿತು. ಬೇಯಿಸಿದ ಎರಡು ಆಲೂಗಡ್ಡೆ, ಸಣ್ಣಗೆ ಹೆಚ್ಚಿದ ಎರಡು ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು, ಮೂರು ಚಮಚ ಪುಟಾಣಿ ಹಿಟ್ಟು ಇವನ್ನು ಕಾಳಿನೊಡನೆ ಒರಟಾಗಿ ಹಿಸುಕಿರಿ. ವಡೆ ತಟ್ಟುವ ಶ್ರಮ ಬೇಡ. ಕಬ್ಬಿಣದ ಹೆಂಚಿಗೆ ಶೇಂಗಾ ಎಣ್ಣೆ ಸವರಿ, ಮಿಶ್ರಣವನ್ನು ಅರ್ಧ ಬೆರಳು ದಪ್ಪಕ್ಕೆ ಹರಡಿ, 5 ನಿಮಿಷ ಕೈ ಆಡಿಸದೆ ಬಿಡಿರಿ. ಅಡಿ ಕೆಂಪಾಗಿ ಗಟ್ಟಿಯಾದ ಮೇಲೆ ತುಂಡು ತುಂಡಾಗಿ ಮಗುಚಿ ಇನ್ನೊಂದು ಮಗ್ಗುಲನ್ನು ಹುರಿಯಿರಿ. ಬರ್ಗರಿನ ಘಮದ ಗುಟ್ಟೆಲ್ಲ ಈ ಕೆಂಪಿನಲ್ಲಿದೆ. ಮಯಾರ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ 1912ರಲ್ಲಿ ಇದರ ಮರ್ಮವನ್ನು ತಿಳಿಸಿದ: ಕಾವು ಏರಿದಾಗ ಪ್ರೋಟೀನಿನ ಅಂಶವೂ ಸಕ್ಕರೆಯ ಅಂಶವೂ ಕೂಡಿ ಹೊಸ ಬಣ್ಣ, ಹೊಸ ವಾಸನೆ ಹುಟ್ಟುತ್ತವೆ. ನೀರು ಇರುವ ತನಕ ಆ ಕಾವು ಏರದು. ಕಾಳನ್ನು ಚೆನ್ನಾಗಿ ಬಸಿಯಬೇಕೆಂದು ಹೇಳಿದ್ದು ಅದಕ್ಕಾಗಿ. ರೊಟ್ಟಿಯ ಮೇಲೆ ಮೂಡುವ ಕಂದು ಚುಕ್ಕೆಗಳೂ ಇದೇ ಮನೆತನದವು. ಮಾಂಸ ಉಣ್ಣುವ ಮನೆಗಳಲ್ಲಿ ಅಲಸಂದಿಯ ಬದಲು ಕುರಿಯ ಖೈಮಾ ಹುರಿದುಕೊಳ್ಳಬಹುದು.

ತಂಪಿಗೆ ಸೌತೆಕಾಯಿ, ಟೊಮೇಟೊ, ಹಸಿ ಮೆಂತ್ಯೆಸೊಪ್ಪು ಅಥವಾ ಹಕ್ಕರಕಿ. ಹುಳಿಗೆ, ದುಂಡಗೆ ಹೆಚ್ಚಿದ ಈರುಳ್ಳಿಯನ್ನು ನಿಂಬೆರಸ ಮತ್ತು ಉಪ್ಪಿನಲ್ಲಿ ಕಾಲು ಗಂಟೆ ಇಟ್ಟರೆ ಸಾಕು. ಗೊಜ್ಜಿಗೆ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಒಂದು ಲೋಟ ಗಟ್ಟಿ ಮೊಸರಿಗೆ ಮೂರು ಚಮಚ ಶೇಂಗಾ ಚಟ್ನಿಪುಡಿ, ಚೂರು ಬೆಲ್ಲ, ಚಿಟಿಕೆ ಸಾಸಿವೆ ಪುಡಿ ಕಲೆಸಿರಿ. ಅಂಗಡಿಯ ಬಿಳಿಯ ಗೊಜ್ಜನ್ನು ಮಕ್ಕಳು ಮರೆಯುತ್ತಾರೆಂದು ನಾನು ಭರವಸೆ ಕೊಡಲಾರೆ. ಇದನ್ನು ಬೆರಳಿನಿಂದ ನೆಕ್ಕುತ್ತಾರೆಂದು ಕೊಡಬಲ್ಲೆ. ಕೊನೆಗೆ, ಭಾನುವಾರ ಮಾಡಿಟ್ಟ ಖಡಕ್ ರೊಟ್ಟಿಯನ್ನು ಚೂರು ಮಾಡಿ, ಹುರಿದ ಎಳ್ಳಿನೊಡನೆ ಮೇಲೆ ಚೆಲ್ಲಿದರೆ ಬನ್ನೂ ಬಂದಂತಾಯಿತು, ಬನ್ನಿನ ಮೇಲಿನ ಎಳ್ಳೂ ಬಂದಂತಾಯಿತು.

ಇವನ್ನೆಲ್ಲ ಬೇರೆ ಬೇರೆ ಪಾತ್ರೆಗಳಲ್ಲಿ ನಡುವೆ ಇಟ್ಟು, ಒಲೆ ಆರಿಸಿ, ಎಲ್ಲರೂ ಸುತ್ತ ಕೂಡುವುದು. ತಮತಮಗೆ ಬೇಕಾದಷ್ಟನ್ನು ತಾವೇ ಬಡಿಸಿಕೊಳ್ಳುವುದು. ಸಕ್ಕರೆ ಕಾಯಿಲೆಯುಳ್ಳವರು ನುಚ್ಚು ಕಡಿಮೆ, ಕಾಳು ಸೊಪ್ಪು ಹೆಚ್ಚು ಹಾಕಿಕೊಂಡಾರು. ಹಲ್ಲಿಲ್ಲದವರು ಹಸಿಯದನ್ನು ಬಿಟ್ಟು ಮೊಸರು ಹೆಚ್ಚಿಸಿಕೊಂಡಾರು. ಮಕ್ಕಳು ಗರಿಯಾದದ್ದನ್ನೇ ಆರಿಸಿಕೊಂಡಾರು. ಅಡುಗೆ ಒಂದೇ, ಊಟ ಆರು ಬಗೆ. ನಮ್ಮ ಮನೆಯಲ್ಲಿ ಮೊದಲ ಸಲ ಹೀಗೆ ಕುಳಿತಾಗ ಮಗ, “ಅವ್ವಾ, ಇದಕ್ಕ ಬನ್ನೇ ಇಲ್ಲಲ್ಲ?” ಎಂದು ತಕರಾರು ತೆಗೆದ. ನಾನು ಉತ್ತರ ಹುಡುಕುವಷ್ಟರಲ್ಲಿ ಅತ್ತೆಯವರು ತಮ್ಮ ಬಟ್ಟಲನ್ನು ಚೆನ್ನಾಗಿ ಕಲೆಸಿ ಒಂದು ತುತ್ತು ಬಾಯಿಗಿಟ್ಟು, “ಬನ್ನು ಯಾಕೋ ತಮ್ಮಾ? ಇದು ಮುಟಗಿ ತಂಗಿ ಐತಿ, ಸುಮ್ಮನ ಉಣ್ಣು” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನೀನೂ ನೀಡಿಕೊಳ್ಳವ್ವಾ, ಆರತೈತಿ” ಎಂದರು. ಆರುವ ಮೊದಲು ಉಣ್ಣು ಎಂದು ಮನೆಯಲ್ಲಿ ನನಗೆ ಹೇಳುವ ಸಂದರ್ಭ ಅದುವರೆಗೆ ಹೆಚ್ಚಾಗಿ ಬಂದಿರಲಿಲ್ಲ.

ಈ ಊಟಕ್ಕೆ ಸುಲಭವೆಂಬ ಹೆಸರು ಸಲ್ಲಬೇಕಾದರೆ ಒಂದು ಕಟ್ಟಳೆ ಉಂಟು. ಕಾಳು ನೆನೆಹಾಕಲು ನೆನಪು ಬೇಕು, ತರಕಾರಿ ಹೆಚ್ಚಲು ಕೈ ಬೇಕು, ಉಂಡ ಮೇಲೆ ಆರು ಬಟ್ಟಲು ತೊಳೆಯಬೇಕು. ಇವೆಲ್ಲವೂ ಒಬ್ಬಳ ಪಾಲಿಗೇ ಬಿದ್ದರೆ ರೊಟ್ಟಿಯ ಭಾರವೇ ಬಟ್ಟಲಿನ ಭಾರವಾಯಿತು. ಈರುಳ್ಳಿ ಹೆಚ್ಚಲು ಗಂಡಸರ ಕೈ ಸಾಲದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಮೊಸರು ಕಲೆಸಲು ಹತ್ತು ವರ್ಷದ ಮಗುವೂ ಸಮರ್ಥ. ತಾನು ಕಲೆಸಿದ ಗೊಜ್ಜನ್ನು ಹಳಿಯುವ ಮಗುವನ್ನು ನಾನಂತೂ ಕಂಡಿಲ್ಲ.

ಬರ್ಗರು ಒಬ್ಬೊಬ್ಬರೇ ಕೈಯಲ್ಲಿ ಹಿಡಿದು, ನಡೆನಡೆಯುತ್ತ ತಿಂದು ಮುಗಿಸಲು ಹುಟ್ಟಿದ ತಿನಿಸು. ಬಟ್ಟಲಿಗೆ ಇಳಿದ ಮೇಲೆ ಅದು ಕುಳಿತು, ಕೂಡಿ ಉಣ್ಣುವ ಊಟವಾಗುತ್ತದೆ. ಬಿಸಿ ರೊಟ್ಟಿಯ ರಾತ್ರಿಗಳು ನಮ್ಮ ಮನೆಗಳಲ್ಲಿ ಇನ್ನೂ ಬಹುಕಾಲ ಇರಲಿ. ಅವುಗಳ ನಡುವೆ ಇಂಥ ಒಂದೆರಡು ರಾತ್ರಿಗಳೂ ಸೇರಿಕೊಳ್ಳಲಿ. ಕೇಳುತ್ತಿರುವ ತಾವು ಇಂದು ಊಟಕ್ಕೆ ಕುಳಿತಾಗ ಪಂಕ್ತಿಯನ್ನು ಒಮ್ಮೆ ಎಣಿಸಿ ನೋಡಿ. ಒಬ್ಬರು ಕಡಿಮೆಯಾದರೆ, ಅಡುಗೆಮನೆಯ ಕಡೆ ಕೂಗಿ ಕರೆಯಿರಿ.